ತಂತಿ ಹಿಡಿಯ ಬಕೆಟ್

ಆ ಭಜನಾ ಮಂದಿರದ ಗೋಡೆಗೆ ಪ್ರೇಮಾವತಿ ಕಲ್ಲು ಹೊತ್ತಿದ್ದಳು. ಆಗ ಹರ್ಷಿತಾ ಅವಳ ಹೊಟ್ಟೆಯಲ್ಲಿದ್ದಳು.

ಲಾರಿ ಮೇಲಿನ ರಸ್ತೆಗೆ ಬಂದು ಕೆಂಪುಕಲ್ಲು ಸುರಿದು ಹೋಗುತ್ತಿತ್ತು. ಅಲ್ಲಿಂದ ಗುಡ್ಡೆ ಇಳಿಸಿ ಮಂದಿರದ ಜಾಗಕ್ಕೆ ತರುವುದು ಕಾಲನಿಯ ಹೆಂಗಸರ ಕೆಲಸ. ತಲೆಯ ಮೇಲೆ ಬೈರಾಸು ಸುತ್ತಿದ ಸಿಂಬೆ, ಸಿಂಬೆಯ ಮೇಲೆ ಕಲ್ಲು. ಕುತ್ತಿಗೆ ಒಳಗೆ ಹೋದ ಹಾಗಾಗುತ್ತಿತ್ತು. ಕಲ್ಲಿನ ಹುಡಿ ಬೆವರಿನ ಜೊತೆ ಕಣ್ಣಿಗೆ ಇಳಿಯುತ್ತಿತ್ತು. ಹೊಟ್ಟೆ ಮುಂದೆ ಬಂದ ಮೇಲೂ ಹೊತ್ತಳು. ಹೊರದಿದ್ದರೆ ಕೂಲಿ ಇಲ್ಲ, ಕೂಲಿ ಇಲ್ಲದಿದ್ದರೆ ಗಂಜಿ ಇಲ್ಲ.

ಸ್ಲ್ಯಾಬ್ ಹಾಕಿದ ದಿನ ಒಳಗೆ ಹೊರಗೆ ಎಂದು ಯಾರೂ ಹೇಳಲಿಲ್ಲ. ಈಗ ದೇವರ ಫೋಟೊ ಇರುವ ಜಾಗದಲ್ಲೇ ಕಾಲು ಚಾಚಿ ಕುಳಿತು ಅವಳು ಗಂಜಿ ಕುಡಿದಿದ್ದಳು. ಮಂದಿರದ ಅಧ್ಯಕ್ಷ ಸೇಸಪ್ಪಣ್ಣನೇ ಗಂಜಿಯ ಬದಿಗೆ ಉಪ್ಪಿನಕಾಯಿ ಹಾಕಿದ್ದ. ಆಮೇಲೆ ಕಲಶವಾಯಿತು. ಭಟ್ಟರು ಬಂದು ನೀರು ಚಿಮುಕಿಸಿ ಹೋದರು. ಆ ನೀರಿನಲ್ಲಿ ಏನಿತ್ತೋ, ಮರುದಿನದಿಂದ ಕಾಲನಿಯವರ ಕಾಲು ಜಗಲಿ ದಾಟುವುದು ನಿಂತಿತು. ಬೋರ್ಡು ಯಾರೂ ಹಾಕಲಿಲ್ಲ. ಬೋರ್ಡು ಹಾಕಿದರೆ ಕೇಸಾಗುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಊರು ದಾಟಿಯಾಗಿತ್ತು.

ಗುರುವಾಯನಕೆರೆಯಲ್ಲಿ ಮೂಡಬಿದಿರೆಯ ಬಸ್ಸು ಹತ್ತಿ, ಅರ್ಧ ದಾರಿಯಲ್ಲಿ ಇಳಿದು, ಗೇರುಗುಡ್ಡೆಯ ಒಳದಾರಿಯಲ್ಲಿ ನಡೆದರೆ ಆ ಊರು. ಊರಿನ ಕೊನೆಯಲ್ಲಿ ಮಂದಿರ. ಮಂದಿರದ ಹಿಂದಿನ ಗುಡ್ಡೆಯ ಮೇಲೆ ಕಾಲನಿ. ಕಾಲನಿಯಲ್ಲಿ ಪ್ರೇಮಾವತಿಯ ಮನೆ. ಗಂಡ ಚನಿಯಪ್ಪ ಮಾಣಿ ಎಂಬ ಊರಿನ ಹತ್ತಿರ ಕಲ್ಲಿನ ಕೋರೆಯಲ್ಲಿ ದುಡಿಯುತ್ತಿದ್ದ, ಶನಿವಾರ ಬಂದು ಸೋಮವಾರ ಹೋಗುತ್ತಿದ್ದ. ಅವಳು ಬೆಳಿಗ್ಗೆ ಸೇಸಪ್ಪಣ್ಣನ ದನದ ಹಟ್ಟಿಯ ಸೆಗಣಿ ಬಾಚುತ್ತಿದ್ದಳು, ಆಮೇಲೆ ಮಂದಿರದ ಅಂಗಳ ಗುಡಿಸುತ್ತಿದ್ದಳು, ಮಧ್ಯಾಹ್ನ ಕಳೆದ ಮೇಲೆ ಬೀಡಿ ಕಟ್ಟುತ್ತಿದ್ದಳು. ಸೆಗಣಿ ಹೊರಲು ಅವಳದೇ ಒಂದು ಬಕೆಟ್ ಇತ್ತು. ನೀಲಿ ಬಣ್ಣದ್ದು. ಅದರ ಹಿಡಿ ಮುರಿದು ಎಷ್ಟೋ ಕಾಲವಾಗಿತ್ತು. ಚನಿಯಪ್ಪ ಕೋರೆಯಿಂದ ದಪ್ಪ ತಂತಿ ತಂದು ಹಿಡಿ ಮಾಡಿಕೊಟ್ಟಿದ್ದ. ತಂತಿ ಕೈ ಕೊಯ್ಯುತ್ತದೆ ಎಂದು ಅದರ ಮೇಲೆ ಹರ್ಷಿತಾ ತನ್ನ ಹಳೆಯ ಕೆಂಪು ರಿಬ್ಬನ್ ಸುತ್ತಿದ್ದಳು.

ಹರ್ಷಿತಾ ಐದನೆಯ ಕ್ಲಾಸಿಗೆ ಬಂದ ವರ್ಷ, ಅಂದರೆ ಎರಡು ಸಾವಿರದ ಮೂರರಲ್ಲಿ, ಊರಿಗೆ ಸಂಜೆ ಕ್ಲಾಸು ಬಂತು. ಮಂಗಳೂರಿನ ಒಂದು ಸಂಸ್ಥೆಯವರದ್ದು. ಶಾಲೆ ಬಿಟ್ಟ ಮೇಲೆ ಓದಿನಲ್ಲಿ ಹಿಂದೆ ಬಿದ್ದ ಮಕ್ಕಳನ್ನು ಕೂರಿಸಿ ಕಲಿಸುವುದು, ಯಾರು ಎಷ್ಟು ಮುಂದೆ ಬಂದರು ಎಂದು ಅಳೆಯುವುದು. ಶಾಲೆಯ ಮಾಡು ಸೋರುತ್ತಿತ್ತು, ಹಾಗಾಗಿ ಕ್ಲಾಸಿಗೆ ಮಂದಿರವನ್ನು ಕೊಟ್ಟರು. ಸೇಸಪ್ಪಣ್ಣನೇ ದೊಡ್ಡ ಮನಸ್ಸು ಮಾಡಿ ಕೊಟ್ಟದ್ದು. ದೊಡ್ಡ ಮನಸ್ಸು ಎಂದು ಎಲ್ಲರೂ ಹೇಳಿದರು.

ಊರಿನ ಮಕ್ಕಳು ಒಳಗೆ ಜಮಖಾನದ ಮೇಲೆ ಕುಳಿತರು. ಕಾಲನಿಯ ಮಕ್ಕಳು ಜಗಲಿಯಲ್ಲಿ ಕುಳಿತರು. ಅಲ್ಲೇ ಕುಳಿತುಕೊಳ್ಳಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಹುಟ್ಟಿದಾಗಿನಿಂದ ಕಲಿತ ಪಾಠ, ಅದರಲ್ಲಿ ಕಾಲನಿಯ ಮಕ್ಕಳು ಯಾರೂ ಹಿಂದೆ ಬಿದ್ದಿರಲಿಲ್ಲ.

ಕಲಿಸಲು ಬಂದವಳು ವಾರಿಜ ಟೀಚರ್. ಅದೇ ಊರಿನ ಹುಡುಗಿ, ಮೂಡಬಿದಿರೆಯಲ್ಲಿ ಕಾಲೇಜು ಮುಗಿಸಿದವಳು. ಮನಸ್ಸು ಒಳ್ಳೆಯದು, ಬೆನ್ನು ಮೆತ್ತಗೆ. ಒಳಗಿನ ಮಕ್ಕಳಿಗೆ ಪಾಠ ಮುಗಿಸಿ, ಕೊನೆಗೆ ಉಳಿದ ಹೊತ್ತಿನಲ್ಲಿ ಜಗಲಿಗೆ ಬರುತ್ತಿದ್ದಳು. ಅಷ್ಟು ಹೊತ್ತಿಗೆ ಬೆಳಕು ಹೋಗುತ್ತಿತ್ತು.

ಒಳಗಿನ ಗೋಡೆಯ ಮೇಲೆ ಸಂಸ್ಥೆಯವರು ಒಂದು ಮರ ಅಂಟಿಸಿದ್ದರು. ಡ್ರಾಯಿಂಗ್ ಶೀಟಿನ ಮರ. ಬೇರಿನಲ್ಲಿ ಅಕ್ಷರ, ಬೊಡ್ಡೆಯಲ್ಲಿ ಪದ, ಕೊಂಬೆಯಲ್ಲಿ ವಾಕ್ಯ, ತುದಿಯಲ್ಲಿ ಕತೆ. ಪ್ರತಿ ಮಗುವಿಗೂ ಹೆಸರು ಬರೆದ ಒಂದು ಹಸಿರು ಕಾಗದದ ಎಲೆ. ಮಗು ಓದಿನಲ್ಲಿ ಮೇಲೆ ಹೋದರೆ ಎಲೆಯೂ ಮೇಲೆ ಹೋಗಬೇಕು. ಶನಿವಾರ ಮಗು ತಾನೇ ಎದ್ದುಹೋಗಿ ತನ್ನ ಎಲೆಯನ್ನು ಕಿತ್ತು ಮೇಲೆ ಅಂಟಿಸಬೇಕು, ಉಳಿದವರು ಚಪ್ಪಾಳೆ ಹೊಡೆಯಬೇಕು. ತನ್ನ ಕೈಯಿಂದಲೇ ಅಂಟಿಸಿದರೆ ಮಗುವಿಗೆ ಧೈರ್ಯ ಬರುತ್ತದಂತೆ. ಒಳ್ಳೆಯ ಯೋಚನೆಯೇ. ಜಗಲಿಯಿಂದ ಗೋಡೆಗೆ ಕೈ ಎಟಕುವುದಿಲ್ಲ ಎಂದು ಮಂಗಳೂರಿನವರಿಗೆ ಯಾರು ಹೇಳಬೇಕು?

ಹರ್ಷಿತಾ ಕಿಟಕಿಯ ಕೆಳಗೆ ಕುಳಿತುಕೊಳ್ಳುತ್ತಿದ್ದಳು. ಒಳಗಿನ ಪಾಠವನ್ನೆಲ್ಲ ಕಿವಿಯಿಂದ ಹಿಡಿಯುತ್ತಿದ್ದಳು. ಬೋರ್ಡು ಕಾಣಬೇಕಾದರೆ ಎದ್ದು ನಿಂತು ಸರಳಿನ ನಡುವೆ ನೋಡಬೇಕು, ನೋಡಿ ಕುಳಿತು ಬರೆಯಬೇಕು, ಮತ್ತೆ ಏಳಬೇಕು. ಸಂಜೆಯಿಡೀ ಎದ್ದು ಕುಳಿತು ಮಂಡಿ ನೋಯುತ್ತದೆ ಎನ್ನುತ್ತಿದ್ದಳು. ಮನೆಗೆ ಬಂದು ಬೀಡಿಯ ಮೊರದ ಪಕ್ಕ ಕುಳಿತು ಓದುತ್ತಿದ್ದಳು. ಅಬ್ದುಲ್ಲನ ಅಂಗಡಿಯಿಂದ ಬೇಳೆ ಕಟ್ಟಿ ತಂದ ಕಾಗದವನ್ನೂ ಬಿಡುತ್ತಿರಲಿಲ್ಲ.

ಒಮ್ಮೆ ಅಂಗಡಿಯಲ್ಲೇ ಪೊಟ್ಟಣದ ಪೇಪರನ್ನು ಜೋರಾಗಿ ಓದಿಬಿಟ್ಟಳು. ಅಬ್ದುಲ್ಲ ತಕ್ಕಡಿ ಕೆಳಗಿಟ್ಟ.

"ಪ್ರೇಮಾ, ನಿನ್ನ ಮಗಳು ಎಂತ ಚೆಂದ ಓದ್ತಾಳೆ ಮಾರಾಯ್ತಿ! ನನ್ನ ಮಗ ನೌಫಲ್ ಒಂದು ವರ್ಷ ದೊಡ್ಡವ. ಅವ ಓದಿದ್ರೆ ಹಳೇ ಜೀಪು ಗುಡ್ಡೆ ಹತ್ತಿದ ಹಾಗೆ."

ಪ್ರೇಮಾವತಿಗೆ ಅಕ್ಷರ ಬರುವುದಿಲ್ಲ. ಆದರೆ ಆ ದಿನ ಬೇಳೆಯನ್ನು ಡಬ್ಬಕ್ಕೆ ಸುರಿದು ಕಾಗದವನ್ನು ಒಲೆಗೆ ಹಾಕದೆ ಮಾಡಿನ ಸಂದಿಯಲ್ಲಿ ಸಿಕ್ಕಿಸಿಟ್ಟಳು.

ಇಷ್ಟೆಲ್ಲ ಓದಿದರೂ ಹರ್ಷಿತಾಳ ಎಲೆ ಬೊಡ್ಡೆಯಲ್ಲೇ ಇತ್ತು. ಮೊದಲ ಸಲ ಟೀಚರ್ ಅದನ್ನು ಬೇರಿನಿಂದ ಮೇಲೆ ಅಂಟಿಸಿದ್ದಳು. ಆಮೇಲೆ ಮರೆತಳು.

"ಟೀಚರ್, ನಾನು ಕತೆ ಓದ್ತೇನಲ್ಲ. ನನ್ನ ಎಲೆ?"

"ಅಯ್ಯೋ, ನೆನಪೇ ಆಗ್ಲಿಲ್ಲ ಮಗಾ. ಬರುವ ಶನಿವಾರ ಖಂಡಿತ."

ಬರುವ ಶನಿವಾರ ಬರುತ್ತಿತ್ತು, ಹೋಗುತ್ತಿತ್ತು. ಹರ್ಷಿತಾ ಕಿಟಕಿಯಲ್ಲಿ ನಿಂತು ತನ್ನ ಎಲೆಯನ್ನು ನೋಡಿ ಬರುತ್ತಿದ್ದಳು. ಮನೆಗೆ ಬಂದು ಅಮ್ಮನಿಗೆ ವರದಿ ಕೊಡುತ್ತಿದ್ದಳು. "ಇವತ್ತು ಸೃಜನ್ ಎಲೆ ಹತ್ತಿತು ಅಮ್ಮ. ನನ್ನದು ಅಲ್ಲೇ ಉಂಟು." ಸೃಜನ್ ಸೇಸಪ್ಪಣ್ಣನ ಮೊಮ್ಮಗ.

ಮಳೆಗಾಲ ಕಳೆದ ಮೇಲೆ ಒಂದು ಸುದ್ದಿ ಬಂತು. ಸಂಸ್ಥೆಯವರು ಬಂದು ಮಕ್ಕಳನ್ನು ತಾವೇ ಓದಿಸಿ ನೋಡುತ್ತಾರಂತೆ. ಕತೆಯ ಕಾರ್ಡನ್ನು ತಪ್ಪಿಲ್ಲದೆ ಓದಿದ ಐದನೇ ಕ್ಲಾಸಿನವರನ್ನು ಮೂಡಬಿದಿರೆ ಹತ್ತಿರದ ಒಂದು ವಸತಿ ಶಾಲೆಗೆ ಸೇರಿಸುತ್ತಾರಂತೆ. ಊಟ, ಬಟ್ಟೆ, ಪುಸ್ತಕ, ಹಾಸಿಗೆ ಎಲ್ಲ ಅಲ್ಲಿಯೇ. ಹತ್ತನೆಯವರೆಗೆ ಒಂದು ಕಾಸೂ ಇಲ್ಲ.

ವಾರಿಜ ಟೀಚರ್ ಅದನ್ನು ಹೇಳಲು ಗುಡ್ಡೆ ಹತ್ತಿ ಕಾಲನಿಗೆ ಬಂದಳು.

"ಪ್ರೇಮಕ್ಕ, ಹರ್ಷಿತಾಳದ್ದು ಸೀಟು ಗ್ಯಾರಂಟಿ. ಒಳಗಿನ ಮಕ್ಕಳಿಗಿಂತ ಚೆಂದ ಓದ್ತಾಳೆ ಅವಳು."

"ಎಲೆ ಮೇಲೆ ಹೋಗ್ಲಿಲ್ಲ ಹೇಳ್ತಾಳೆ?"

ಟೀಚರ್ ನೆಲ ನೋಡಿದಳು. "ಆ ದಿನ ಹೋಗ್ತದೆ. ಅವಳೇ ಅಂಟಿಸ್ತಾಳೆ. ಆ ದಿನ ಎಲ್ಲ ಮಕ್ಕಳೂ ಒಳಗೆ. ಸೇಸಪ್ಪಣ್ಣ ಒಪ್ಪಿದ್ದಾರೆ. ಸಂಸ್ಥೆಯವರು ಫೋಟೊ ತೆಗೀತಾರಲ್ಲ, ಮಕ್ಕಳು ಜಗಲಿಯಲ್ಲಿ ಕೂತ್ರೆ ಸರಿ ಕಾಣುವುದಿಲ್ಲ."

ಪ್ರೇಮಾವತಿಗೆ ಆ ಮಾತಿನ ಬಾಲ ಕೇಳಿಸಲಿಲ್ಲ. ತಲೆ ಮಾತ್ರ ಕೇಳಿಸಿತು. ತನ್ನ ಮಗಳು ಒಳಗೆ ಹೋಗುತ್ತಾಳೆ. ಓದುತ್ತಾಳೆ. ಈ ಗುಡ್ಡೆ, ಈ ಸೆಗಣಿ, ಈ ಬೀಡಿಯ ಮೊರ, ಎಲ್ಲ ಬಿಟ್ಟು ಹೋಗುತ್ತಾಳೆ. ಮಗಳು ಹೋಗುತ್ತಾಳೆ ಎಂಬುದಕ್ಕೆ ಯಾವ ತಾಯಿಯಾದರೂ ಇಷ್ಟು ಖುಷಿಪಟ್ಟದ್ದುಂಟೇ? ಅವಳು ಪಟ್ಟಳು. ಚನಿಯಪ್ಪ ಮುಂದಿನ ವಾರ ಬರುವಾಗ ಬೆಳ್ತಂಗಡಿಯಿಂದ ಒಂದು ತಗಡಿನ ಪೆಟ್ಟಿಗೆ ತಂದ. ಹರ್ಷಿತಾ ಅದರೊಳಗೆ ತನ್ನ ಒಂದು ಫ್ರಾಕು ಇಟ್ಟು, ಬೀಗ ಹಾಕಿ, ತೆಗೆದು, ಮತ್ತೆ ಹಾಕಿದಳು.

ಸಂಸ್ಥೆಯವರು ಬರುವ ದಿನ ಬೆಳಿಗ್ಗೆ ಹಟ್ಟಿಯ ಕೆಲಸ ಮುಗಿಸಿ ಹೊರಟವಳನ್ನು ಸೇಸಪ್ಪಣ್ಣ ಕರೆದ.

"ಪ್ರೇಮಾ, ಮಂದಿರಕ್ಕೆ ಒಂದು ಬಕೆಟ್ ಸೆಗಣಿ ಹಾಕಿಡು. ಕಪಿಲೆ ದನದ್ದೇ ಆಗ್ಲಿ. ಹಿಂದಿನ ಬಾಗಿಲ ಹತ್ತಿರ ಇಟ್ಟು ಹೋಗು."

"ಅಂಗಳಕ್ಕಾ ಧಣಿ? ನಾನೇ ಸಾರಿಸ್ತೇನೆ."

"ಬೇಡ, ಬೇಡ. ನಮ್ಮ ಹುಡುಗರು ನೋಡ್ಕೊಳ್ತಾರೆ. ನೀನು ಮಗಳನ್ನು ರೆಡಿ ಮಾಡು. ಓದ್ಲಿಕ್ಕೆ ಉಂಟಲ್ಲ ಅವಳಿಗೆ."

ಓದಲಿಕ್ಕೆ ಉಂಟಲ್ಲ ಅವಳಿಗೆ. ಸೇಸಪ್ಪಣ್ಣನ ಬಾಯಿಂದ ಆ ಮಾತು ಬಂದದ್ದಕ್ಕೆ ಪ್ರೇಮಾವತಿಯ ಎದೆ ತುಂಬಿತು. ದೊಡ್ಡವರು ಒಂದು ಒಳ್ಳೆಯ ಮಾತು ಆಡಿದರೆ ಸಾಕು, ನಮ್ಮವರು ಹತ್ತು ವರ್ಷದ ಏಟು ಮರೆಯುತ್ತಾರೆ. ಅದೇ ನಮ್ಮ ರೋಗ. ಅವಳು ತಾಜಾ ಸೆಗಣಿಯನ್ನೇ ಆರಿಸಿ, ಹುಲ್ಲಿನ ಕಡ್ಡಿ ತೆಗೆದು, ತನ್ನ ನೀಲಿ ಬಕೆಟ್ ತುಂಬಿದಳು. ಸೊಂಟಕ್ಕೆ ತಾಗಿಸಿಕೊಂಡು ತೋಟದ ಏರು ಹತ್ತಿ ಮಂದಿರದ ಹಿಂದಿನ ಬಾಗಿಲಲ್ಲಿ ಇಟ್ಟಳು. ಅತಿಥಿಗಳು ಬರುವ ಅಂಗಳ ಚೆಂದ ಕಾಣಲಿ ಎಂದುಕೊಂಡು ಇಟ್ಟಳು.

ಮನೆಗೆ ಬಂದು ಮಗಳ ಪಾದಕ್ಕೆ ತೆಂಗಿನ ನಾರು ಹಾಕಿ ತಿಕ್ಕಿದಳು. ಚರ್ಮ ಕೆಂಪಾಯಿತು.

"ಸಾಕಮ್ಮ, ಉರೀತದೆ."

"ಉರೀಲಿ. ನೆಲದಲ್ಲಿ ಕಾಲಿನ ಗುರುತು ಬೀಳಬಾರ್ದು. ಗೋಡೆ ಮುಟ್ಟಬೇಡ. ಫೋಟೊ ಇರುವ ಕಡೆ ಹೋಗಬೇಡ. ಸರ್ ಕೇಳಿದ ಕೂಡ್ಲೇ ಜೋರು ಓದು. ಜಗಲಿಯಲ್ಲಿ ಕೂತ ನನಗೆ ಕೇಳ್ಬೇಕು."

"ಓದಿ ಆದ ಮೇಲೆ ಎಲೆ ನಾನೇ ಅಂಟಿಸುವುದಲ್ವಾ?"

"ನೀನೇ."

ಮಕ್ಕಳು ಒಳಗೆ ಹೋದರು. ಕಾಲನಿಯ ಮಕ್ಕಳು ಹೊಸ್ತಿಲ ಹತ್ತಿರ ಬಂದು ನಿಂತುಬಿಟ್ಟರು. ಟೀಚರ್ ಬೆನ್ನಿಗೆ ಕೈಯಿಟ್ಟು ಒಬ್ಬೊಬ್ಬರನ್ನೇ ದಾಟಿಸಿದಳು. ಪ್ರೇಮಾವತಿ ಜಗಲಿಯಲ್ಲಿ, ಮಗಳು ದಿನಾ ಕುಳಿತುಕೊಳ್ಳುವ ಕಿಟಕಿಯ ಕೆಳಗೆ ಕುಳಿತಳು. ಸಿಮೆಂಟು ತಣ್ಣಗಿತ್ತು. ಇಲ್ಲಿ ಕುಳಿತು ಇವಳು ಇಷ್ಟೆಲ್ಲ ಕಲಿತಳಾ ಎಂದು ಅವಳಿಗೆ ಆಶ್ಚರ್ಯವಾಯಿತು. ಕಾಣಬೇಕಾದರೆ ಎದ್ದು ನಿಲ್ಲಬೇಕಿತ್ತು. ಎದ್ದು ನಿಂತಳು.

ಮಂಗಳೂರಿನಿಂದ ಒಬ್ಬರು ಕನ್ನಡಕದ ಸರ್, ಒಬ್ಬರು ಮೇಡಂ ಬಂದಿದ್ದರು. ಒಳ್ಳೆಯವರ ಹಾಗೆ ಕಂಡರು. ಒಬ್ಬೊಬ್ಬ ಮಗುವನ್ನು ಕರೆದು, ಹೆಸರು ಕೇಳಿ, ಕಾರ್ಡು ಕೊಟ್ಟು ಓದಿಸಿದರು. ಸೃಜನ್ ಎರಡು ಕಡೆ ಎಡವಿದ. ಟೀಚರ್ ತುಟಿ ಅಲ್ಲಾಡಿಸಿ ಹೇಳಿಕೊಟ್ಟಳು, ಅವನು ಓದಿ ಮುಗಿಸಿದ. ತನ್ನ ಎಲೆಯನ್ನು ಮರದ ತುದಿಗೆ ಅಂಟಿಸಿದ. ಸೇಸಪ್ಪಣ್ಣ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದ.

"ಹರ್ಷಿತಾ."

ಅವಳು ಎದ್ದಳು. ಇಸ್ತ್ರಿಯಿಲ್ಲದ ಫ್ರಾಕು, ಎಣ್ಣೆ ಹಾಕಿ ಬಿಗಿದ ಜಡೆ. ಹಿಂದಿನ ಬಾಗಿಲ ಪಕ್ಕದಿಂದ ಸುತ್ತಿಕೊಂಡು ಮುಂದೆ ಬರಬೇಕಿತ್ತು. ಬರುತ್ತಾ ಒಂದು ಗಳಿಗೆ ಬಾಗಿಲ ಮರೆಯ ಕಡೆ ನೋಡಿದಳು. ನಿಂತಳು. ಮತ್ತೆ ನಡೆದು ಸರ್ ಎದುರು ಬಂದಳು.

"ಓದಮ್ಮ," ಎಂದರು ಸರ್.

ಹರ್ಷಿತಾ ಕಾರ್ಡು ಹಿಡಿದಳು. ಓದಲಿಲ್ಲ.

"ಹೆದರಬೇಡ. ನಿಧಾನವಾಗಿ ಓದು."

ಕಿಟಕಿಯಲ್ಲಿ ಪ್ರೇಮಾವತಿ ಸರಳು ಹಿಡಿದುಕೊಂಡಳು. ಓದು, ಮಗಾ. ಬಾಯಿ ಬಿಡು. ಟೀಚರ್ ತುಟಿ ಅಲ್ಲಾಡಿಸಿದಳು. ಹರ್ಷಿತಾ ಅವಳನ್ನು ನೋಡಲೇ ಇಲ್ಲ. ಸರ್ ಕತೆಯ ಕಾರ್ಡು ತೆಗೆದುಕೊಂಡು ವಾಕ್ಯದ ಕಾರ್ಡು ಕೊಟ್ಟರು. ಅದನ್ನೂ ಓದಲಿಲ್ಲ. ಪದ ಕೊಟ್ಟರು. ಕೊನೆಗೆ ಮೇಡಂ ಬಗ್ಗಿ, ಕೂಸಿಗೆ ಕೇಳುವ ಹಾಗೆ, "ಇದು ಯಾವ ಅಕ್ಷರ ಪುಟ್ಟಿ?" ಎಂದರು. ಅದು ಅ. ಕಣ್ಣು ಮುಚ್ಚಿದರೂ ಹರ್ಷಿತಾಳಿಗೆ ಕಾಣುವ ಅ. ಅವಳು ತುಟಿ ಬಿಗಿದು ನಿಂತಳು.

"ಸರ್, ಅವಳು ಓದ್ತಾಳೆ," ಎಂದಳು ಟೀಚರ್, ಅಳುವ ದನಿಯಲ್ಲಿ. "ಒಳ್ಳೇ ಓದ್ತಾಳೆ."

"ನಮ್ಮ ಎದುರು ಓದಿದ್ದನ್ನು ಮಾತ್ರ ನಾವು ಹಾಕ್ಲಿಕ್ಕೆ ಆಗುವುದು ಟೀಚರ್. ಈ ವರ್ಷ ಬೆಳವಣಿಗೆ ಏನೂ ಇಲ್ಲ ಅಂತಲೇ ಹಾಕ್ಬೇಕು." ಸರ್‌ಗೂ ಬೇಸರವಾಗಿತ್ತು. ಎದ್ದುಹೋಗಿ ಬೊಡ್ಡೆಯಲ್ಲಿದ್ದ ಹರ್ಷಿತಾಳ ಎಲೆಯನ್ನು ತಾವೇ ಕಿತ್ತು ಬೇರಿಗೆ ಅಂಟಿಸಿದರು. ಬೇರಿನಲ್ಲಿ ಬೇರೆ ಎಲೆ ಇರಲಿಲ್ಲ. ಅದೊಂದೇ.

"ನಾನು ಮೊದ್ಲೇ ಹೇಳಿದ್ದೆ ಸರ್," ಎಂದ ಸೇಸಪ್ಪಣ್ಣ. "ನಾವು ಎಷ್ಟು ಮಾಡಿದ್ರೂ ಈ ಮಕ್ಕಳಿಗೆ ಹತ್ತುವುದಿಲ್ಲ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪ್ರೇಮಾವತಿ ಗುಡ್ಡೆಯ ದಾರಿಯಲ್ಲಿ ಮಗಳ ರಟ್ಟೆ ಹಿಡಿದು ಎಳೆದುಕೊಂಡು ಹೋದಳು. ಗೇರುಮರದ ಹತ್ತಿರ ಬಂದಾಗ ತಡೆಯಲಾಗಲಿಲ್ಲ. ಒಂದು ಅಡರು ಮುರಿದು ಹೊಡೆದಳು. ಕಾಲಿಗೆ ಹೊಡೆದಳು, ಬೆನ್ನಿಗೆ ಹೊಡೆದಳು. ಬೆಳಿಗ್ಗೆ ತಿಕ್ಕಿ ತಿಕ್ಕಿ ಕೆಂಪು ಮಾಡಿದ ಕಾಲಿನ ಮೇಲೆ ಬರೆ ಎದ್ದಿತು.

"ಬಾಯಿ ಸತ್ತು ಹೋಗಿತ್ತಾ ನಿನ್ನದು? ಅಬ್ದುಲ್ಲನ ಅಂಗಡಿಯಲ್ಲಿ ಓದ್ಲಿಕ್ಕೆ ಬರ್ತದೆ, ಅಲ್ಲಿ ಬರುವುದಿಲ್ವಾ? ಸೆಗಣಿ ಹೊರು ಇನ್ನು. ನನ್ನ ಹಾಗೆ ಸೆಗಣಿ ಹೊತ್ತು ಸಾಯಿ."

ಹರ್ಷಿತಾ ಅಳಲಿಲ್ಲ. ಹೊಡೆತ ನಿಂತ ಮೇಲೆ ಅಮ್ಮನ ಮುಖ ನೋಡಿದಳು.

"ಅಮ್ಮ, ನಮ್ಮ ಬಕೆಟ್ ಒಳಗಿತ್ತು."

"ಯಾವ ಬಕೆಟ್?"

"ತಂತಿ ಹಿಡಿಯದ್ದು. ಬಾಗಿಲ ಹಿಂದೆ. ಸೆಗಣಿಗೆ ನೀರು ಹಾಕಿ ಕಲಸಿ ಇಟ್ಟಿದ್ರು. ಮಾವಿನ ಎಲೆ ಉಂಟು ಅದ್ರಲ್ಲಿ. ನಮ್ಮನ್ನು ಒಳಗೆ ಬಿಡುವಾಗ ಸೃಜನ್‌ನ ಮಾವ ಇನ್ನೊಬ್ಬರ ಹತ್ರ ಹೇಳ್ತಿದ್ರು. ಈ ಮಕ್ಕಳು ಹೊರಗೆ ಹೋದ ಕೂಡ್ಲೇ ಪೂರ್ತಿ ಹಾಕಿ ತೊಳೀಬೇಕು, ಸಂಜೆ ಭಜನೆ ಉಂಟು ಅಂತ."

ಪ್ರೇಮಾವತಿಯ ಕೈಯಿಂದ ಅಡರು ಬಿತ್ತು.

"ಯಾರದ್ದೋ ಬಕೆಟ್ ಅಂತ ಎಣಿಸಿದೆ. ಮುಂದೆ ಹೋಗುವಾಗ ರಿಬ್ಬನ್ ಕಂಡಿತು. ನಂದೇ ರಿಬ್ಬನ್." ಹರ್ಷಿತಾಳ ದನಿ ಸಣ್ಣದಾಯಿತು. "ಅದನ್ನು ನೀನೇ ತಂದು ಕೊಟ್ಟದ್ದಾ ಅಮ್ಮ?"

ಇದಕ್ಕೆ ಏನು ಹೇಳುವುದು? ಹೌದು ಎಂದೇ ಹೇಳಬೇಕು. ನಿನ್ನ ಹೆಜ್ಜೆ ತೊಳೆಯುವ ಸೆಗಣಿಯನ್ನು ನಾನೇ ಕಡ್ಡಿ ಆರಿಸಿ, ಸೊಂಟದ ಮೇಲೆ ಹೊತ್ತು, ಸಂತೋಷದಿಂದ ತಂದಿಟ್ಟೆ ಎಂದು ಹೇಳಬೇಕು. ಪ್ರೇಮಾವತಿ ಗೇರುಮರದ ಬುಡದಲ್ಲಿ ಕುಳಿತುಬಿಟ್ಟಳು. ಮಗಳ ಕಾಲಿನ ಬರೆಯ ಮೇಲೆ ಕೈ ಆಡಿಸಿದಳು.

"ನನಗೆ ಗೊತ್ತಿರಲಿಲ್ಲ ಮಗಾ. ಅಂಗಳಕ್ಕೆ ಅಂತ ಎಣಿಸಿದೆ."

"ನಾನು ಓದಿದ್ರೆ ಅವರು ಚಪ್ಪಾಳೆ ಹೊಡೀತಿದ್ರು. ಆಮೇಲೆ ತೊಳೀತಿದ್ರು. ನನಗೆ ಓದ್ಲಿಕ್ಕೆ ಮನಸ್ಸೇ ಬರ್ಲಿಲ್ಲ."

ಪ್ರೇಮಾವತಿ ಎದ್ದಳು. ಮಗಳನ್ನು ಮನೆಗೆ ಹೋಗು ಎಂದಳು. ಬಂದ ದಾರಿಯಲ್ಲೇ ಇಳಿದಳು.

ಸಂಸ್ಥೆಯ ಜೀಪು ಹೊರಟುಹೋಗಿತ್ತು. ಮಂದಿರದ ಒಳಗೆ ಜಮಖಾನ ಮಡಚಿ ಆಗಿತ್ತು. ಸೃಜನ್‌ನ ಮಾವ ಮಾವಿನ ಸೊಪ್ಪಿನ ಗೊಂಚಲನ್ನು ಬಕೆಟ್ಟಿನಲ್ಲಿ ಅದ್ದಿ ಅದ್ದಿ ನೆಲಕ್ಕೆ ಚಿಮುಕಿಸುತ್ತಿದ್ದ. ಕಾಲನಿಯ ಮಕ್ಕಳು ಕುಳಿತಿದ್ದ ಮೂಲೆಗೆ ಹೆಚ್ಚು ಬಿದ್ದಿತ್ತು. ವಾರಿಜ ಟೀಚರ್ ಕಾರ್ಡುಗಳನ್ನು ಜೋಡಿಸುತ್ತಾ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಪ್ರೇಮಾವತಿ ಜಗಲಿ ಹತ್ತಿದಳು. ಹೊಸ್ತಿಲು ದಾಟಿದಳು. ಗುಡ್ಡೆಯ ಕೆಂಪು ಮಣ್ಣು ಮೆತ್ತಿದ ಕಾಲಿನ ಗುರುತು ಒದ್ದೆ ನೆಲದ ಮೇಲೆ ಒಂದೊಂದಾಗಿ ಮೂಡಿತು.

"ಏಯ್! ಎಲ್ಲಿಗೆ ಬರುವುದು ನೀನು?" ಸೇಸಪ್ಪಣ್ಣ ಕುರ್ಚಿಯಿಂದ ಎದ್ದ.

"ನನ್ನ ಬಕೆಟ್ಟಿಗೆ ಬಂದದ್ದು."

"ನಾಳೆ ಕೊಡ್ತಾರೆ. ಹೊರಗೆ ಹೋಗು."

"ಈಗ ಬೇಕು."

"ತಲೆ ಸರಿ ಉಂಟಾ ನಿನಗೆ? ನಾನು ನಿಮ್ಮ ಮಕ್ಕಳನ್ನು ಒಳಗೆ ಕೂರಿಸಿದೆ. ಯಾವ ಊರಲ್ಲಿ ಕೂರಿಸ್ತಾರೆ ಹೇಳು. ಇದೆಲ್ಲ ದೇವರ ವಿಷಯ ಮಾರಾಯ್ತಿ, ನನ್ನದಲ್ಲ. ಊರಿನವರು ಕೇಳ್ತಾರೆ."

"ಊರಿನವರಿಗೆ ನಾನು ಮುಟ್ಟಿದ ಸೆಗಣಿ ಆಗ್ತದಾ?"

"ಸೆಗಣಿಗೆ ಮೈಲಿಗೆ ಇಲ್ಲ."

"ಹಾಗಾದ್ರೆ ನನ್ನ ಮಗಳು ಸೆಗಣಿಗಿಂತ ಕಡೆ. ಹೇಳಿ ಧಣಿ, ಬಾಯಿ ಬಿಟ್ಟು ಹೇಳಿ. ಅವಳಿಗೂ ಗೊತ್ತಾಯ್ತು, ನನಗೂ ಗೊತ್ತಾಗ್ಲಿ."

ಪ್ರೇಮಾವತಿ ಹೋಗಿ ಬಕೆಟ್ಟಿನ ತಂತಿಗೆ ಕೈ ಹಾಕಿದಳು. ಸೃಜನ್‌ನ ಮಾವ ಅವಳ ಕೈ ತಾಗೀತೆಂದು ಹಿಂದೆ ಹಾರಿದ. ಉಳಿದ ಸೆಗಣಿ ನೀರನ್ನು ಅವಳು ನಡು ಮಂದಿರದಲ್ಲಿ ಮಗುಚಿದಳು. ಅದು ಗೋಡೆಯವರೆಗೂ ಹರಿಯಿತು.

"ಸರಿಯಾಗಿ ತೊಳೆಯಿರಿ. ಗೋಡೆಯ ಕಲ್ಲನ್ನೂ ತೆಗೆದು ತೊಳೆಯಿರಿ, ಅದು ನನ್ನ ತಲೆ ಮೇಲೆ ಬಂದದ್ದು. ಅದನ್ನು ಹೊರುವಾಗ ಹರ್ಷಿತಾ ನನ್ನ ಹೊಟ್ಟೆಯಲ್ಲಿದ್ದಳು. ನಾಳೆಯಿಂದ ನಿಮ್ಮ ಹಟ್ಟಿಗೆ ನಾನು ಬರುವುದಿಲ್ಲ. ನಿಮ್ಮ ದನದ ಸೆಗಣಿ ನೀವೇ ಬಾಚಿ."

ಖಾಲಿ ಬಕೆಟ್ ಹಿಡಿದುಕೊಂಡು ಮುಂದಿನ ಬಾಗಿಲಿನಿಂದಲೇ ಹೊರಗೆ ಬಂದಳು.

ಬಡವನ ಕೋಪ ದವಡೆಗೆ ಮೂಲ. ಹಟ್ಟಿಯ ಕೆಲಸ ಹೋಯಿತು. ಅದರ ಜೊತೆ ಸಿಗುತ್ತಿದ್ದ ಮಜ್ಜಿಗೆ ಹೋಯಿತು. ತೋಟದ ನಡುವಿನ ಕಾಲುದಾರಿಗೆ ಮುಳ್ಳು ಬಿತ್ತು, ಕಾಲನಿಯವರು ಶಾಲೆಗೂ ಅಂಗಡಿಗೂ ಗುಡ್ಡೆ ಸುತ್ತಿ ಹೋಗಬೇಕಾಯಿತು. ಇವಳಿಂದಾಗಿ ನಮಗೂ ಬಂತು ಎಂದು ಕಾಲನಿಯ ಕೆಲವರೇ ಬೈದರು. ಶನಿವಾರ ಚನಿಯಪ್ಪ ಬಂದ. ಎಲ್ಲ ಕೇಳಿದ. ತಗಡಿನ ಪೆಟ್ಟಿಗೆಯ ಬೀಗ ತೆಗೆದು ಮತ್ತೆ ಹಾಕಿದ.

"ಓದಿ ಬಿಟ್ಟಿದ್ರೆ ಆಗ್ತಿತ್ತು," ಎಂದ. "ತೊಳೆದ್ರೆ ತೊಳೀಲಿ ಅಂತ ಓದಿ ಬಿಟ್ಟಿದ್ರೆ..."

ಅವನು ಹೇಳಿದ್ದೂ ಸುಳ್ಳಲ್ಲ. ಪ್ರೇಮಾವತಿಯೂ ಆ ಮಾತನ್ನು ಮನಸ್ಸಿನೊಳಗೆ ಸಾವಿರ ಸಲ ಹೇಳಿಕೊಂಡಿದ್ದಳು.

ಅದಾಗಿ ಕೆಲವು ದಿನಕ್ಕೆ ವಾರಿಜ ಟೀಚರ್ ಬಂದಳು. ಚೀಲದಲ್ಲಿ ಕತೆಯ ಕಾರ್ಡು ಇತ್ತು. ಅಂಗಳದಲ್ಲಿ ನಿಂತು ಬಿಕ್ಕಿದಳು.

"ಪ್ರೇಮಕ್ಕ, ನಾನು ಸರ್‌ಗೆ ಫೋನು ಮಾಡಿದೆ. ಹರ್ಷಿತಾಳಿಗೆ ಆ ದಿನ ಜ್ವರ ಇತ್ತು ಅಂತ ಹೇಳಿದೆ. ಇನ್ನೊಂದು ಸಲ ನೋಡ್ಲಿಕ್ಕೆ ಒಪ್ಪಿದ್ದಾರೆ. ಒಂದು ಸೀಟು ಇನ್ನೂ ಉಂಟು."

ಪ್ರೇಮಾವತಿಯ ಮೈಯಲ್ಲಿ ಜೀವ ಬಂತು. "ಎಲ್ಲಿ?"

"ಮಂದಿರದಲ್ಲೇ."

ಹರ್ಷಿತಾ ಮೊರದ ಹತ್ತಿರ ಕುಳಿತಿದ್ದಳು. ಎದ್ದು ಬಂದು ಕೈ ಚಾಚಿದಳು. ಟೀಚರ್ ಕಾರ್ಡು ಕೊಟ್ಟಳು. ಹರ್ಷಿತಾ ಅಂಗಳದ ನಡುವೆ ನಿಂತು ಓದಿದಳು. ಒಂದು ಕುಂಟು ಕೋಳಿಯ ಕತೆ. ಅದು ತನ್ನ ಮರಿಗಳನ್ನು ಕರೆದುಕೊಂಡು ತೋಡು ದಾಟಬೇಕು. ಮಳೆ ಬಂದಿದೆ, ತೋಡಿನ ನೀರು ಕೆಂಪಾಗಿ ಹರಿಯುತ್ತಿದೆ. ಪುಸ್ತಕದ ಕನ್ನಡ, ತುಳು ಮಾತಾಡುವ ಪ್ರೇಮಾವತಿಗೆ ಅರ್ಧ ಮಾತ್ರ ತಿಳಿಯಿತು. ಆದರೆ ಮಗಳ ದನಿ ಎಲ್ಲೂ ಎಡವಲಿಲ್ಲ. ಪಕ್ಕದ ಮನೆಯವರು ಹೊರಗೆ ಬಂದು ನಿಂತರು. 'ಅಮ್ಮ, ಹೆದರಿಕೆ ಆಗುತ್ತದೆ' ಎಂದು ಮರಿ ಹೇಳುವಲ್ಲಿ ದನಿ ಸಣ್ಣ ಮಾಡಿದಳು, ಕೋಳಿ ಗದರುವಲ್ಲಿ ಜೋರು ಮಾಡಿದಳು. ಕೊನೆಯ ಸಾಲಿನವರೆಗೆ ಓದಿ ಕಾರ್ಡನ್ನು ತಿರುಗಿ ಕೊಟ್ಟಳು.

"ಕೇಳಿದ್ರಲ್ಲ ಟೀಚರ್," ಎಂದಳು ಪ್ರೇಮಾವತಿ. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. "ಓದಿದಳಲ್ಲ. ಇದನ್ನು ಹಾಕಿ."

"ಇಲ್ಲಿ ಓದಿದ್ದು ಲೆಕ್ಕಕ್ಕಿಲ್ಲ ಪ್ರೇಮಕ್ಕ. ಕೇಂದ್ರದಲ್ಲಿ, ಅವರ ಎದುರೇ ಓದ್ಬೇಕು. ನಮ್ಮ ಕೇಂದ್ರ ಮಂದಿರ."

"ನೀವು ಸರ್‌ಗೆ ಹೇಳಿ. ಜ್ವರ ಅಲ್ಲ, ಬಕೆಟ್ ಅಂತ ಹೇಳಿ. ಅವರು ಒಳ್ಳೆಯವರ ಹಾಗೆ ಕಂಡ್ರು."

ಟೀಚರ್ ಸೆರಗು ತಿರುಚಿದಳು. "ನನ್ನ ತಂಗಿಯ ಮದುವೆ ಅದೇ ಮಂದಿರದಲ್ಲಿ ನಿಗದಿಯಾಗಿದೆ ಪ್ರೇಮಕ್ಕ. ನಾನು ಈ ಊರಲ್ಲಿ ಬದುಕ್ಬೇಕು."

ಪ್ರೇಮಾವತಿ ಮಗಳ ಕಡೆ ತಿರುಗಿದಳು. ಒಂದು ಸಲ ಹೋಗಿ ಬಾ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಕಾಲು ಹಿಡಿದು ಕೇಳಿಕೊಳ್ಳಬೇಕೆನಿಸಿತು. ಒಂದೇ ಸಲ, ಮಗಾ. ಕಣ್ಣು ಮುಚ್ಚಿ ಒಳಗೆ ಹೋಗು, ಓದು, ಪೆಟ್ಟಿಗೆ ಹಿಡಿದು ಈ ಊರಿನಿಂದ ಓಡು. ಹರ್ಷಿತಾಳ ಕಾಲಿನ ಮೇಲೆ ತಾನು ಹೊಡೆದ ಬರೆ ಇನ್ನೂ ಮಾಸಿರಲಿಲ್ಲ. ಅದನ್ನು ನೋಡಿ ಬಾಯಿ ಮುಚ್ಚಿಕೊಂಡಳು.

"ನೀನು ಹೇಳು," ಎಂದಳು.

"ನಾನು ಅಲ್ಲಿಗೆ ಹೋಗುವುದಿಲ್ಲ," ಎಂದಳು ಹರ್ಷಿತಾ.

ಟೀಚರ್ ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಗುಡ್ಡೆ ಇಳಿದಳು. ಅವಳು ಮರೆಯಾಗುವವರೆಗೆ ತಾಯಿ ಮಗಳು ಅಂಗಳದಲ್ಲೇ ನಿಂತಿದ್ದರು. ಸೀಟು ಬೇರೆ ಯಾವುದೋ ಊರಿನ ಮಗುವಿಗೆ ಹೋಯಿತಂತೆ. ಆ ಮಗು ಚೆನ್ನಾಗಿ ಓದಲಿ. ಮಕ್ಕಳ ಮೇಲೆ ಯಾರಿಗೇನು ಸಿಟ್ಟು? ಹರ್ಷಿತಾ ಹಗಲು ಶಾಲೆಗೆ ಹೋಗುತ್ತಿದ್ದಳು. ಶಾಲೆ ಬಿಟ್ಟ ಮೇಲೆ ಜಗಲಿಗೆ ಹೋಗಲಿಲ್ಲ. ಹಟ್ಟಿಯ ಕೂಲಿ ನಿಂತ ಮನೆಯಲ್ಲಿ ಬೀಡಿ ಹೆಚ್ಚು ಕಟ್ಟಬೇಕಾಗಿತ್ತು.

ನೀಲಿ ಬಕೆಟ್ಟನ್ನು ಪ್ರೇಮಾವತಿ ಬೂದಿ ಹಾಕಿ ತಿಕ್ಕಿ ತೊಳೆದಿದ್ದಳು. ಈಗ ಅದರಲ್ಲಿ ಬೀಡಿಯ ಎಲೆ ನೆನೆಯುತ್ತಿತ್ತು. ಒಂದು ಸಂಜೆ ಹರ್ಷಿತಾ ಅದರೊಳಗೆ ಕೈ ಹಾಕಿ ಒಂದು ಎಲೆ ತೆಗೆದಳು. ನೀರು ಕೊಡವಿ, ತೊಡೆಯ ಮೇಲೆ ಹರವಿ, ತಗಡಿನ ಅಚ್ಚು ಇಟ್ಟು, ಕತ್ತರಿ ಆಡಿಸಿದಳು. ಹೇಳಿಕೊಡದೆ ಕಲಿತಿದ್ದಳು. ಎಷ್ಟು ಬೇಗ ಕಲಿತಳು ಎಂದು ಅಳೆಯಲು ಯಾವ ಜೀಪೂ ಬರಲಿಲ್ಲ. ಪ್ರೇಮಾವತಿ ಅವಳ ಬೆರಳನ್ನೇ ನೋಡುತ್ತಿದ್ದಳು. ನೋಡಲಾಗದೆ ಏನಾದರೂ ಮಾತಾಡಬೇಕೆನಿಸಿತು.

"ಆ ಕೋಳಿ ಕಡೆಗೆ ತೋಡು ದಾಟಿತಾ ಮಗಾ? ನನಗೆ ಸರಿ ಅರ್ಥ ಆಗ್ಲಿಲ್ಲ."

"ದಾಟಿತು."

"ಕುಂಟು ಕಾಲಲ್ಲಿ ಹೇಗೆ ದಾಟಿತು?"

ಹರ್ಷಿತಾ ಇನ್ನೊಂದು ಎಲೆ ತೆಗೆದು ಅಚ್ಚು ಇಟ್ಟಳು. ತಲೆ ಎತ್ತಲಿಲ್ಲ.

"ಕತೆಯಲ್ಲಿ ದಾಟ್ತದೆ ಅಮ್ಮ."